ಅಳಿವೆ ದಾಟಿದ ಮೇಲೆ ಹಾಸಿಗೆ

ಮಂಗಳೂರಿನ ಹಳೆ ಬಂದರಿನಿಂದ ವೆನ್ಲಾಕ್ ಆಸ್ಪತ್ರೆಗೆ ನಡೆದುಕೊಂಡು ಹೋದರೂ ಅರ್ಧ ಗಂಟೆ ಸಾಕು. 1848ರಲ್ಲಿ ಶುರುವಾದ ಆಸ್ಪತ್ರೆ ಅದು. 1891ರಿಂದ 1896ರವರೆಗೆ ಮದರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್ ಹೆಸರು ಅದಕ್ಕೆ ಸೇರಿಕೊಂಡದ್ದು ಆಮೇಲೆ. ಬಂದರಿಗೆ ಇಷ್ಟು ಹತ್ತಿರ ಆಸ್ಪತ್ರೆ ಇದ್ದ ಮೇಲೆ ಕಾಯಿಲೆ ಬಿದ್ದ ಖಲಾಸಿಗೆ, ಹಡಗಿನ ಕೆಲಸದವನಿಗೆ, ಏನು ಕಷ್ಟ ಎಂದು ನಕ್ಷೆ ನೋಡಿದವರಿಗೆ ಅನಿಸಬಹುದು. ಅವನ ದಾರಿ ಬಂದರಿನಿಂದ ಶುರುವಾಗುತ್ತಿರಲಿಲ್ಲ. ಹೊರಗೆ ಕಡಲಿನಲ್ಲಿ ಲಂಗರು ಹಾಕಿ ನಿಂತ ಹಡಗಿನಿಂದ ಶುರುವಾಗುತ್ತಿತ್ತು.

ನೇತ್ರಾವತಿ, ಗುರುಪುರ ಎರಡೂ ಹೊಳೆಗಳು ಬೆಂಗ್ರೆಯ ತುದಿಯಲ್ಲಿ ಒಂದಾಗಿ ಕಡಲು ಸೇರುವ ಜಾಗದಲ್ಲಿ ಹೊಳೆ ತಂದ ಮರಳು, ಕಡಲು ತಳ್ಳಿದ ಮರಳು ಎರಡೂ ಸೇರಿ ದಿಬ್ಬ ಕಟ್ಟುತ್ತದೆ. ಅದೇ ಅಳಿವೆ. ಆಳ ಕಡಿಮೆ, ಆದ್ದರಿಂದ ಉಗಿಹಡಗು ಒಳಗೆ ಬರುವಂತಿರಲಿಲ್ಲ. ಸರಕು, ಜನ ಎಲ್ಲವೂ ಪಡಾವು ಎಂಬ ದೋಣಿಗಳಿಗೆ ಇಳಿದು, ಅಳಿವೆ ದಾಟಿ ಬಂದರಿಗೆ ಬರಬೇಕು. ಬೇಸಿಗೆಯ ಮುಂಜಾನೆ ನೆಲದ ಗಾಳಿ ಇರುವಾಗ ಇದು ಸುಲಭ. ಮಧ್ಯಾಹ್ನದ ಮೇಲೆ ಕಡಲಗಾಳಿ ಎದ್ದು, ಹೊಳೆಯ ಇಳಿತದ ನೀರು ಹೊರಗೆ ನುಗ್ಗುತ್ತಿದ್ದರೆ ಎರಡೂ ಎದುರುಬದುರಾಗಿ ಅಳಿವೆಯ ಮೇಲೆ ಅಲೆ ಒಡೆಯುತ್ತದೆ. ಮಳೆಗಾಲ ಹಿಡಿದರೆ ಮುಗಿಯಿತು, ಬಂದರಿಗೆ ಬಾಗಿಲು ಬಿದ್ದ ಹಾಗೆ. ನೂಲ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ, ಹಾಲು ಅರ್ಪಿಸಿ ಸಮುದ್ರಪೂಜೆ ಆಗುವವರೆಗೆ ಹಾಯಿ ಬಿಚ್ಚುವ ಮಾತಿಲ್ಲ.

ಜ್ವರದಲ್ಲಿ ಬಿದ್ದವನನ್ನು ಹಡಗಿನಿಂದ ಪಡಾವಿಗೆ ಇಳಿಸುವುದೇ ಒಂದು ದೊಡ್ಡ ಕೆಲಸ. ಹಡಗು ಒಂದು ಲಯದಲ್ಲಿ ಏರಿಳಿದರೆ ಪಡಾವು ಇನ್ನೊಂದು ಲಯದಲ್ಲಿ ಏರಿಳಿಯುತ್ತದೆ. ಮಲಗಿಸಿ ಇಳಿಸಲು ಹೋದರೆ ಪಕ್ಕಕ್ಕೆ ಬಡಿಯುತ್ತದೆ, ಕುರ್ಚಿಗೆ ಕಟ್ಟಿ ಇಳಿಸಿದರೆ ಮೂರ್ಛೆ ಹೋದವನ ಕುತ್ತಿಗೆ ವಾಲುತ್ತದೆ. 20ನೇ ಶತಮಾನದ ಆರಂಭದಲ್ಲಿ ನೀಲ್ ರಾಬರ್ಟ್‌ಸನ್ ಸ್ಟ್ರೆಚರ್ ಬಳಕೆಗೆ ಬಂದದ್ದು ಈ ತೊಂದರೆಗಾಗಿಯೇ. ಗಟ್ಟಿ ಕ್ಯಾನ್ವಾಸಿಗೆ ಉದ್ದುದ್ದ ಬಿದಿರಿನ ದಬ್ಬೆ ಹೊಲಿದ ಚಾಪೆ ಅದು. ರೋಗಿಯ ಸುತ್ತ ಸುತ್ತಿ, ಎದೆ, ಸೊಂಟ, ಕಾಲುಗಳ ಮೇಲೆ ಪಟ್ಟಿ ಬಿಗಿದು, ಹಣೆಗೊಂದು ಪಟ್ಟಿ ಕಟ್ಟಿದರೆ ಮನುಷ್ಯನನ್ನು ನೆಟ್ಟಗೆ ನಿಲ್ಲಿಸಿದ ಹಾಗೆಯೇ ಹಗ್ಗದಲ್ಲಿ ಇಳಿಸಬಹುದು. ಕಾಲಿನ ಕಡೆಯಿಂದ ಇನ್ನೊಂದು ಹಗ್ಗ ಕೆಳಗಿನವರ ಕೈಯಲ್ಲಿರಬೇಕು, ಇಲ್ಲದಿದ್ದರೆ ಗಾಳಿಗೆ ತಿರುಗುತ್ತಲೇ ಇರುತ್ತದೆ. ಪಡಾವು ಅಲೆಯ ನೆತ್ತಿಗೆ ಬಂದಾಗ ಹಗ್ಗ ಸಡಿಲಿಸಬೇಕು. ತಳಕ್ಕೆ ಇಳಿದಾಗ ಸಡಿಲಿಸಿದರೆ ಮೇಲೆದ್ದು ಬರುವ ಪಡಾವು ರೋಗಿಯ ಕಾಲಿಗೇ ಬಡಿಯುತ್ತದೆ.

ಇಷ್ಟೆಲ್ಲ ಆಗುವ ಮೊದಲು ವೈದ್ಯರು ಹಡಗು ಹತ್ತಿರಬೇಕು. ರೋಗದ ತಪಾಸಣೆ ಆಗಬೇಕೆಂದು ಹಳದಿ ಬಾವುಟ ಏರಿಸಿದ ಹಡಗಿನಿಂದ ಅವರ ಒಪ್ಪಿಗೆ ಇಲ್ಲದೆ ಯಾರೂ ಇಳಿಯುವಂತಿಲ್ಲ. 1908ರ ಭಾರತೀಯ ಬಂದರು ಕಾಯ್ದೆಯ 17ನೇ ಕಲಂ ಬಂದರಿನ ಆರೋಗ್ಯಾಧಿಕಾರಿಗೆ ಕೊಟ್ಟ ಅಧಿಕಾರ ಸಣ್ಣದಲ್ಲ: ಯಾವ ಹಡಗನ್ನಾದರೂ ಹತ್ತಬಹುದು, ಖಲಾಸಿಗಳನ್ನು ಪರೀಕ್ಷಿಸಬಹುದು, ಲಾಗ್ ಪುಸ್ತಕ ತೆಗೆಸಿ ನೋಡಬಹುದು, ಯಾರನ್ನು ಬೇಕಾದರೂ ಕರೆದು ಪ್ರಶ್ನೆ ಕೇಳಿ ಹೇಳಿಕೆಗೆ ಸಹಿ ಹಾಕಿಸಬಹುದು. ಪ್ಲೇಗಿನ ಕಾಲದಲ್ಲಿ ಪ್ರಶ್ನೆಗಳೂ ನೋಟವೂ ನೇರವಾಗಿದ್ದವು. ಯಾವ ಯಾವ ಬಂದರು ಮುಟ್ಟಿ ಬಂದಿರಿ, ದಾರಿಯಲ್ಲಿ ಯಾರಾದರೂ ಸತ್ತರೇ, ಸರಕಿನ ನಡುವೆ ಸತ್ತ ಇಲಿ ಸಿಕ್ಕಿತೇ? ಆಮೇಲೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಕಂಕುಳು, ತೊಡೆಸಂದು ಮುಟ್ಟಿ ಗೆಡ್ಡೆ ಇದೆಯೇ ನೋಡಬೇಕು, ಜ್ವರ ಅಳೆಯಬೇಕು. ಪಟ್ಟಿಯಲ್ಲಿರುವ ಹೆಸರಿಗೂ ನಿಂತ ತಲೆಗೂ ಲೆಕ್ಕ ತಾಳೆಯಾಗಬೇಕು. ಲೆಕ್ಕ ತಪ್ಪಿದರೆ ಒಬ್ಬ ಕೆಳಗೆಲ್ಲೋ ಮಲಗಿದ್ದಾನೆ ಎಂದೇ ಅರ್ಥ.

1903ರ ಪ್ಯಾರಿಸ್ ಒಪ್ಪಂದ ಹಡಗುಗಳನ್ನು ಮೂರು ಬಗೆ ಮಾಡಿತ್ತು. ಹಡಗಿನಲ್ಲೇ ಪ್ಲೇಗು ಇದ್ದರೆ, ಅಥವಾ ಕಳೆದ 7 ದಿನಗಳಲ್ಲಿ ಕಂಡಿದ್ದರೆ ಅದು ಸೋಂಕಿತ ಹಡಗು. ಹೊರಡುವಾಗಲೋ ದಾರಿಯಲ್ಲೋ ಇದ್ದು, 7 ದಿನದಿಂದ ಹೊಸದಾಗಿ ಯಾರಿಗೂ ಬಾರದಿದ್ದರೆ ಶಂಕಿತ. ಎರಡೂ ಅಲ್ಲದಿದ್ದರೆ ಆರೋಗ್ಯವಂತ. ಕಾಗದದ ಮೇಲೆ ಸ್ಪಷ್ಟವಾಗಿಯೇ ಇದೆ. ಆದರೆ ಹಡಗು ನಡೆಸುವ ತಂಡೇಲನ ಬಾಯಿಂದ ಸತ್ಯ ಹೊರಡಬೇಕಲ್ಲ. ತಡೆದು ನಿಲ್ಲಿಸಿದ ಪ್ರತಿ ದಿನವೂ ಅವನ ಮನೆಯ ಗಂಜಿಗೆ ಕೈ ಹಾಕಿದ ಹಾಗೆ. ಸರಕು ಕೊಳೆಯುತ್ತದೆ, ಮುಂದಿನ ಬಾಡಿಗೆ ತಪ್ಪುತ್ತದೆ, ಮಳೆಗಾಲ ಹತ್ತಿರವಿದ್ದರೆ ಊರು ಸೇರುವ ದಾರಿಯೇ ಮುಚ್ಚುತ್ತದೆ. ಹಾಗಾಗಿ ಜ್ವರದವನನ್ನು ಚಾಪೆಯಡಿ ಮುಚ್ಚುವುದು, ಸತ್ತವನನ್ನು ರಾತ್ರಿ ಕಡಲಿಗೆ ಇಳಿಸಿ ಸುಮ್ಮನಾಗುವುದು ದುಷ್ಟತನದಿಂದ ಆಗುವಂಥದ್ದಲ್ಲ. ತಡೆದ ದಿನಗಳ ನಷ್ಟವನ್ನು ಯಾರೂ ತುಂಬಿಕೊಡದ ಕಡೆ ರೋಗ ಮುಚ್ಚಿಡುವುದು ನಡೆದೇ ನಡೆಯುತ್ತದೆ. ಬಂದರಿನ ಆರೋಗ್ಯ ವ್ಯವಸ್ಥೆಯ ಅತಿ ದೊಡ್ಡ ದೋಷ ಇದೇ ಎಂಬುದು ನಮ್ಮ ಅಭಿಪ್ರಾಯ.

1896ರಲ್ಲಿ ಪ್ಲೇಗು ಮುಂಬಯಿಗೆ ಕಾಲಿಟ್ಟದ್ದು ಹಡಗುಕಟ್ಟೆಗೆ ಹತ್ತಿರದ, ಧಾನ್ಯದ ಗೋದಾಮುಗಳ ಮಾಂಡ್ವಿಯಲ್ಲಿ. ಮರುವರ್ಷವೇ ಸಾಂಕ್ರಾಮಿಕ ರೋಗಗಳ ಕಾಯ್ದೆ ಬಂತು. ಮುಂಬಯಿಯಿಂದ ನಮ್ಮ ಕರಾವಳಿಗೆ ಹಾಯಿಹಡಗುಗಳ ಓಡಾಟ ನಿತ್ಯದ್ದಾಗಿದ್ದರಿಂದ ಇಲ್ಲಿನ ಬಂದರುಗಳಿಗೆ ಅದು ದೂರದ ಸುದ್ದಿಯಾಗಿರಲಿಲ್ಲ. ಕಂಕನಾಡಿಯಲ್ಲಿ 1880ರಿಂದ ಬಡವರಿಗೆ ಹೋಮಿಯೋಪಥಿ ಔಷಧ ಕೊಡುತ್ತಿದ್ದ, 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯ ಕಟ್ಟಿದ್ದ ಫಾದರ್ ಮುಲ್ಲರ್ 1902ರಲ್ಲಿ ಪ್ಲೇಗಿಗೆಂದೇ ಆಸ್ಪತ್ರೆ ತೆರೆಯಬೇಕಾಯಿತು.

ಇಲಿಯ ಚಿಗಟದಿಂದ ಪ್ಲೇಗು ಹರಡುತ್ತದೆ ಎಂದು ಪಾಲ್ ಲೂಯಿ ಸಿಮೊಂ 1898ರಲ್ಲಿ ಕರಾಚಿಯಲ್ಲಿ ತೋರಿಸಿದರೂ ವೈದ್ಯಲೋಕ ಅದನ್ನು ಒಪ್ಪಲು ಇನ್ನೂ ಕೆಲವು ವರ್ಷ ಹಿಡಿಯಿತು. ಅಲ್ಲಿಯವರೆಗೆ ಖಲಾಸಿಯ ಬಟ್ಟೆ ಬೇಯಿಸುವುದು, ಹಾಸಿಗೆ ಸುಡುವುದು, ಹಲಗೆಗೆ ಕಾರ್ಬಾಲಿಕ್ ಆಮ್ಲ ಬಳಿಯುವುದು ನಡೆಯಿತು. ಪೆಟ್ಟಿಗೆಯಲ್ಲಿದ್ದ ಎರಡು ಪಂಚೆ, ಒಂದು ಕಂಬಳಿ ಕಳೆದುಕೊಂಡವನ ಕಾಲಬುಡದಲ್ಲೇ ಇಲಿ ಓಡಾಡುತ್ತಿತ್ತು. ವಿಷಯ ತಿಳಿದ ಮೇಲೆ ಗಂಧಕದ ಹೊಗೆ ಮುಖ್ಯವಾಯಿತು. ರೂಢಿಯ ಅಳತೆ 1,000 ಘನ ಅಡಿಗೆ 3 ಪೌಂಡ್ ಗಂಧಕ; 20,000 ಘನ ಅಡಿಯ ಸರಕುಮನೆಗೆ 60 ಪೌಂಡ್. ಸಂದುಗಳಿಗೆ ಕಾಗದ ಅಂಟಿಸಿ, ಕಬ್ಬಿಣದ ಬಾಣಲೆಗಳನ್ನು ನೀರು ತುಂಬಿದ ಅಗಲ ತಟ್ಟೆಗಳಲ್ಲಿಟ್ಟು ಗಂಧಕ ಉರಿಸಿ, ಆರು ಗಂಟೆ ಮುಚ್ಚಿಡಬೇಕು. ನೀರಿನ ತಟ್ಟೆ ಎರಡು ಕೆಲಸ ಮಾಡುತ್ತದೆ: ಮರದ ಹಲಗೆಗೆ ಬೆಂಕಿ ತಗಲದಂತೆ ಕಾಯುತ್ತದೆ, ಹೊಗೆಗೆ ಬೇಕಾದ ತೇವವನ್ನೂ ಕೊಡುತ್ತದೆ. ಸರಕು ತುಂಬಿದ ಹಡಗಿಗೆ ಹೊಗೆ ಹಾಕಿದರೆ ಮೂಟೆಗಳ ನಡುವೆ ಹೊಗೆ ಇಳಿಯದೆ ಇಲಿ ಬದುಕುತ್ತದೆ. ಜೊತೆಗೆ ಬಟ್ಟೆಯ ಬಣ್ಣ ಹೋಗುತ್ತದೆ, ಲೋಹ ಕಪ್ಪಾಗುತ್ತದೆ, ಕಾಫಿಯಂಥ ಸರಕಿಗೆ ವಾಸನೆ ಹತ್ತುತ್ತದೆ. ಖಾಲಿ ಹಡಗಿಗೇ ಹಾಕಬೇಕು. ಬಾಗಿಲು ತೆರೆದು ಗಾಳಿಯಾಡಿದ ಮೇಲೆ ಸತ್ತ ಇಲಿಗಳನ್ನು ಇಕ್ಕಳದಲ್ಲೇ ಎತ್ತಿ, ಸೀಮೆಎಣ್ಣೆ ಸುರಿದು ಸುಡಬೇಕು, ಕೈಯಿಂದ ಮುಟ್ಟಬಾರದು.

ಈ ವಿಧಾನ ಉಗಿಹಡಗಿಗೆ ಒಗ್ಗಿತು. ಮೇಲೆ ತಟ್ಟಿ, ಚಾಪೆ ಹೊದಿಸಿದ ನಾಡಹಡಗಿನಲ್ಲಿ ಹೊಗೆ ನಿಲ್ಲುವುದಾದರೂ ಎಲ್ಲಿ? ಹಡಗು ಕಟ್ಟುವ ಹಗ್ಗಕ್ಕೆ ಮೂರಡಿ ಅಗಲದ ತಗಡಿನ ಬಿಲ್ಲೆ ಹಾಕಿ ಇಲಿ ತಡೆಯುವುದು ಕಟ್ಟೆಗೆ ಹಡಗು ತಾಗುವ ಬಂದರುಗಳಲ್ಲಿ ನಡೆಯುವ ಉಪಾಯ. ಮಂಗಳೂರಿನಲ್ಲಿ ಹಡಗು ಹೊರಗೆ, ಸರಕು ಇಳಿಸುವ ದಕ್ಕೆ ಒಳಗೆ. ಇಲಿ ಬರುವುದಿದ್ದರೆ ಅಕ್ಕಿಮೂಟೆಯ ಜೊತೆ ಪಡಾವಿನಲ್ಲೇ ಬರಬೇಕು. ಇಂಥ ಕಡೆ ಕೆಲಸಕ್ಕೆ ಬರುವುದು ಸಾದಾ ಕ್ರಮಗಳೇ: ಮೂಟೆಯನ್ನು ಒಂದೊಂದಾಗಿ ಕೊಡವಿ ಇಳಿಸುವುದು, ರಾತ್ರಿ ಹಲಗೆ ತೆಗೆದು ಪಡಾವನ್ನು ದಕ್ಕೆಯಿಂದ ದೂರ ಕಟ್ಟುವುದು, ಗೋದಾಮಿನಲ್ಲಿ ಮೂಟೆಗಳನ್ನು ಗೋಡೆಯಿಂದ ಬಿಡಿಸಿ, ನೆಲದಿಂದ ಎತ್ತರಿಸಿ ಇಡುವುದು.

ಈಗ ಆಸ್ಪತ್ರೆಯ ಹಾಸಿಗೆಗೆ ದುಡ್ಡು ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ. ಅದೇ 1908ರ ಕಾಯ್ದೆಯ 49ನೇ ಕಲಂನಲ್ಲಿ ಆಸ್ಪತ್ರೆ ಸುಂಕ ಎಂಬುದಿತ್ತು. ಬಂದರಿನಿಂದ ತಕ್ಕಷ್ಟು ದೂರದೊಳಗೆ ನಾವಿಕರನ್ನು ಸೇರಿಸಿಕೊಳ್ಳಲು ಯೋಗ್ಯವಾದ ಸರ್ಕಾರಿ ಆಸ್ಪತ್ರೆ ಇದ್ದರೆ, ಒಳಬರುವ ಹಡಗಿನಿಂದ ಟನ್ನಿಗೆ ಒಂದು ಆಣೆ ಮೀರದಂತೆ ಹೆಚ್ಚುವರಿ ಸುಂಕ ಎತ್ತಬಹುದಾಗಿತ್ತು. 50ನೇ ಕಲಂ ಆ ಹಣವನ್ನು ಅಂಥ ಆಸ್ಪತ್ರೆಗೋ, ಬಂದರಿನ ಹಡಗುಗಳ ಆರೋಗ್ಯ ಮೇಲ್ವಿಚಾರಣೆಗೋ ಬಳಸಬೇಕೆಂದು ಹೇಳುತ್ತಿತ್ತು, ನಾವಿಕ ದಡದಲ್ಲಿರಲಿ ನೀರಿನಲ್ಲಿರಲಿ. ರೂಪಾಯಿಗೆ 16 ಆಣೆ. 1,600 ಟನ್ನಿನ ಉಗಿಹಡಗು ಒಮ್ಮೆ ಕೊಡಬಹುದಾದ ಅತಿ ಹೆಚ್ಚು ಸುಂಕ 100 ರೂಪಾಯಿ, 48 ಟನ್ನಿನ ಪತ್ತೇಮಾರಿ ಹಾಯಿಹಡಗಿಗೆ 3 ರೂಪಾಯಿ. ಉಪಾಯ ಒಳ್ಳೆಯದೇ. ಆದರೆ ಎತ್ತಬೇಕು ಎಂದು ಕಾಯ್ದೆ ಕಡ್ಡಾಯ ಮಾಡಲಿಲ್ಲ, ಎತ್ತಬಹುದು ಎಂದಿತು. ತಪಾಸಣೆಯ ವಿಷಯದಲ್ಲಿ ಗಟ್ಟಿ ದನಿಯಲ್ಲಿ ಮಾತಾಡಿದ ಕಾಯ್ದೆ ಹಾಸಿಗೆಯ ವಿಷಯ ಬಂದಾಗ ದನಿ ತಗ್ಗಿಸಿತು.

ಬ್ರಿಟಿಷ್ ಹಡಗಿನ ಕರಾರಿನಲ್ಲಿದ್ದವರಿಗೆ ಇನ್ನೊಂದು ಆಸರೆ ಇತ್ತು. ಕೆಲಸದಲ್ಲಿ ಪೆಟ್ಟಾದರೆ ಚಿಕಿತ್ಸೆಯ ಖರ್ಚು ಹಡಗಿನ ಒಡೆಯನದು ಎಂದು 1894ರ ಕಾಯ್ದೆ ಹೇಳಿತ್ತು. 1906ರ ತಿದ್ದುಪಡಿ ಕಾಯಿಲೆಯನ್ನೂ ಅದಕ್ಕೆ ಸೇರಿಸಿತು. ಅದರ ಹೊರತುಗಳಲ್ಲಿ ಒಂದು: ಗುಪ್ತರೋಗಕ್ಕೆ ಈ ಸೌಲಭ್ಯವಿಲ್ಲ. ಆ ಒಂದು ಸಾಲಿನಿಂದ ಆದದ್ದನ್ನು ಊಹಿಸಲು ಕಷ್ಟವಿಲ್ಲ. ಹೇಳಿಕೊಂಡರೆ ಖರ್ಚೂ ತನ್ನದೇ, ಮಾನವೂ ಹೋಯಿತು ಎಂದಾದ ಮೇಲೆ ಯಾವ ಖಲಾಸಿ ಬಾಯಿಬಿಡುತ್ತಾನೆ? ಅದಕ್ಕೂ ಮೊದಲು, 1868ರ ಕಾಯ್ದೆಯಡಿ ದೊಡ್ಡ ಬಂದರು ನಗರಗಳಲ್ಲಿ ವೇಶ್ಯೆಯರೆಂದು ಹೆಂಗಸರ ಹೆಸರು ದಾಖಲಿಸಿ, ಒತ್ತಾಯದಿಂದ ಪರೀಕ್ಷಿಸಿ, ರೋಗವಿದ್ದರೆ ಗುಪ್ತರೋಗಕ್ಕೆಂದೇ ಇದ್ದ ಲಾಕ್ ಆಸ್ಪತ್ರೆಗಳಲ್ಲಿ ಕೂಡಿಹಾಕುತ್ತಿದ್ದರು. ಗಂಡಸರನ್ನು ಹಾಗೆ ನೋಡುವವರಿರಲಿಲ್ಲ. ಅರ್ಧ ಜನರನ್ನು ಬಿಟ್ಟು ಉಳಿದರ್ಧಕ್ಕೆ ಬೇಲಿ ಹಾಕಿದರೆ ರೋಗ ನಿಲ್ಲುವುದಿಲ್ಲ, ಅನ್ಯಾಯವಂತೂ ಆಗೇ ಆಗುತ್ತದೆ. 1888ರಲ್ಲಿ ಆ ಕಾಯ್ದೆ ರದ್ದಾಯಿತು.

ಸಿಫಿಲಿಸ್‌ಗೆ 1910ರಲ್ಲಿ ಸಾಲ್ವರ್ಸಾನ್ ಬಂದರೂ ನಾವಿಕನ ತೊಡಕು ಬೇರೆಯೇ. ವಾರಕ್ಕೊಂದರಂತೆ ಇಂಜೆಕ್ಷನ್‌ಗಳ ಸರಣಿ ಮುಗಿಯಲು ತಿಂಗಳುಗಟ್ಟಲೆ ಬೇಕು, ಹಡಗು ನಾಲ್ಕು ದಿನದಲ್ಲಿ ಹೊರಡುತ್ತದೆ. ಮುಂದಿನ ಬಂದರಿನ ವೈದ್ಯರಿಗೆ ಹಿಂದೆ ಎಷ್ಟು ಕೊಟ್ಟರು ಎಂದು ಗೊತ್ತಿರುವುದಿಲ್ಲ. ಔಷಧ ಆರ್ಸೆನಿಕ್ಕಿನದು, ಹೆಚ್ಚಾದರೆ ವಿಷ, ಅರ್ಧಕ್ಕೆ ಬಿಟ್ಟರೆ ರೋಗ ಮರಳುತ್ತದೆ. 1924ರ ಡಿಸೆಂಬರ್ 1ರ ಬ್ರಸೆಲ್ಸ್ ಒಪ್ಪಂದ ಇದಕ್ಕೆ ಕಂಡುಕೊಂಡ ದಾರಿ ನೋಡಿದರೆ ಸಂತೋಷವಾಗುತ್ತದೆ. ಒಪ್ಪಿದ ದೇಶಗಳ ಮುಖ್ಯ ಬಂದರುಗಳಲ್ಲಿ ಯಾವ ದೇಶದ ನಾವಿಕನಿಗಾದರೂ ಚಿಕಿತ್ಸೆ ಉಚಿತ, ದಾರಿಗೆ ಬೇಕಾದಷ್ಟು ಔಷಧವೂ ಉಚಿತ. ಕೈಗೊಂದು ಕಾರ್ಡು. ಅದರಲ್ಲಿ ರೋಗ, ಕೊಟ್ಟ ಔಷಧ, ಪರೀಕ್ಷೆಯ ಫಲಿತಾಂಶ ಇರುತ್ತವೆ, ರೋಗಿಯ ಹೆಸರಿನ ಜಾಗದಲ್ಲಿ ಬರೀ ಒಂದು ಸಂಖ್ಯೆ. ನಾವಿಕನನ್ನು ಅಪರಾಧಿಯಂತೆ ಕಾಣದೆ ರೋಗಿಯಂತೆ ಕಂಡ ಕಾಗದಗಳು ಆ ಕಾಲದಲ್ಲಿ ಹೆಚ್ಚಿಲ್ಲ. ಈ ಕಾರ್ಡು ಅಂಥದ್ದು.

ಊಟದ ವಿಷಯದಲ್ಲಿ ನಮ್ಮ ಕರಾವಳಿಗೆ ಹೇಳಿಕೊಳ್ಳುವಂಥದ್ದು ಇದೆ. ತಾಜಾ ಹಣ್ಣು, ತರಕಾರಿ ಇಲ್ಲದೆ ಬಿಳಿಯ ನಾವಿಕರಿಗೆ ಬರುತ್ತಿದ್ದ ಸ್ಕರ್ವಿ ರೋಗಕ್ಕೆ 1747ರಲ್ಲೇ ಜೇಮ್ಸ್ ಲಿಂಡ್ 12 ಜನರನ್ನು ಇಬ್ಬಿಬ್ಬರಂತೆ ಆರು ಜೋಡಿ ಮಾಡಿ, ಕಿತ್ತಳೆ, ನಿಂಬೆ ತಿಂದ ಜೋಡಿ ಬೇಗ ಚೇತರಿಸಿಕೊಂಡದ್ದನ್ನು ತೋರಿಸಿದ್ದರು. ಆಮೇಲೆ ನಿಂಬೆರಸ ಕೊಡುವುದು ಕಾಯ್ದೆಯೇ ಆಯಿತು. ಅಕ್ಕಿ ಉಣ್ಣುವ ಖಲಾಸಿಗಳನ್ನು ಕಾಡಿದ್ದು ಬೆರಿಬೆರಿ. ಕಾಲು ಬಾತು ಬಂದು, ಮೀನಖಂಡ ಹಿಂಡಿದರೆ ನೋವು, ಮಂಡಿ ಕುಸಿತ, ಕೊನೆಗೆ ಹೃದಯ ಸೋಲುತ್ತದೆ. ಜಪಾನಿನ ನೌಕಾಪಡೆಯ ರ್‍ಯೂಜೋ ಹಡಗಿನಲ್ಲಿ 1882–83ರ ಯಾನದಲ್ಲಿ 376 ಜನರಲ್ಲಿ 169 ಮಂದಿಗೆ ಬಂದು 25 ಮಂದಿ ತೀರಿಕೊಂಡರು. ವೈದ್ಯ ತಕಾಕಿ ಊಟ ಬದಲಿಸಿ ಮರುವರ್ಷ ಅದೇ ದಾರಿಯಲ್ಲಿ ಕಳಿಸಿದ ಹಡಗಿನಲ್ಲಿ ಒಬ್ಬರೂ ಸಾಯಲಿಲ್ಲ. ಆಮೇಲೆ ಕೌಲಾಲಂಪುರದ ಮಾನಸಿಕ ಆಸ್ಪತ್ರೆಯಲ್ಲಿ ವಿಲಿಯಂ ಫ್ಲೆಚರ್ ಎರಡು ಅಕ್ಕಿಗಳನ್ನು ಪಕ್ಕಪಕ್ಕದಲ್ಲಿ ಪರೀಕ್ಷಿಸಿದರು. ಬಿಳಿ ಅಕ್ಕಿ ಉಂಡ 120 ಜನರಲ್ಲಿ 36 ಮಂದಿಗೆ ಬೆರಿಬೆರಿ, 18 ಸಾವು. ಕುಚ್ಚಲಕ್ಕಿ ಉಂಡ 123 ಜನರಲ್ಲಿ ಎರಡೇ, ಅವರಿಬ್ಬರೂ ಸೇರುವಾಗಲೇ ರೋಗ ತಂದವರು.

ಭತ್ತವನ್ನು ನೆನೆಸಿ ಹಂಡೆಯಲ್ಲಿ ಸಿಪ್ಪೆ ಬಿರಿಯುವವರೆಗೆ ಬೇಯಿಸುವಾಗ ತೌಡಿನಲ್ಲಿರುವ, ಬೆರಿಬೆರಿ ತಡೆಯುವ ಥಯಾಮಿನ್ ಎಂಬ ಜೀವಸತ್ವ ನೀರಿನ ಜೊತೆ ಕಾಳಿನ ಒಳಕ್ಕೆ ಇಳಿಯುತ್ತದೆ. ಒಣಗಿಸಿ ಮಿಲ್ಲಿಗೆ ಹಾಕಿದಾಗ ತೌಡು ಹೋದರೂ ಒಳಗೆ ಇಳಿದದ್ದು ಬಹುಪಾಲು ಉಳಿಯುತ್ತದೆ. ಬೇಯಿಸದೆ ಮಿಲ್ಲು ಮಾಡಿದ ಬೆಳ್ತಿಗೆ ಅಕ್ಕಿಯಲ್ಲಿ ಅದು ಸಿಪ್ಪೆಯ ಕೆಳಗೇ ಇರುವುದರಿಂದ ತೌಡಿನ ಜೊತೆಗೇ ಹೋಗುತ್ತದೆ, ತೊಳೆದಾಗ ಇನ್ನಷ್ಟು. ಬಸಿದ ಗಂಜಿತಿಳಿಯನ್ನು ಭಂಡಾರಿ, ಹಡಗಿನ ಅಡುಗೆಯವ, ಕಡಲಿಗೆ ಚೆಲ್ಲಿದರೆ ಉಳಿದದ್ದೂ ಹೋಯಿತು. ಮಂಗಳೂರಿನ ಪಡಾವಿನವನ ಗಂಜಿ, ತಿಳಿ ಸಮೇತ ಉಣ್ಣುವ ಕುಚ್ಚಲಕ್ಕಿ ಗಂಜಿ, ಯಾವ ವೈದ್ಯರೂ ಬರೆದುಕೊಡದೆ ಅವನನ್ನು ಕಾಪಾಡಿದ ಔಷಧ. ಅದನ್ನು ಕೂಲಿಯವರ ಊಟ ಎಂದು ಕೀಳಾಗಿ ಕಾಣುವವರು ಈಗಲೂ ಇದ್ದಾರೆ ಎಂಬುದು ಬೇಸರದ ಸಂಗತಿ.

ಮಲಗುವ ಜಾಗದ ಲೆಕ್ಕವನ್ನೂ ಹೇಳದೆ ಇರಲಾಗದು. 1867ರ ಬ್ರಿಟಿಷ್ ಕಾಯ್ದೆ ಒಬ್ಬ ನಾವಿಕನಿಗೆ 72 ಘನ ಅಡಿ ಎಂದಿತು. 1906ರಲ್ಲಿ ಅದು 120 ಆಯಿತು. ಭಾರತದಲ್ಲಿ ಕರಾರು ಮಾಡಿಕೊಂಡ ಲಷ್ಕರನಿಗೆ ಬಹುಕಾಲ ಸಿಕ್ಕದ್ದು 36. ಆರಡಿ ಉದ್ದ, ಎರಡಡಿ ಅಗಲ, ಮೂರಡಿ ಎತ್ತರ: ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅದರೊಳಗೆ ಮಲಗಿ ನೋಡಿದರೆ ತಿಳಿಯುತ್ತದೆ. ಕ್ಷಯ ಇರುವವನೊಬ್ಬ ಕೆಮ್ಮಿದರೆ ಪಕ್ಕದವನ ಮುಖಕ್ಕೇ.

ವೆನ್ಲಾಕಿಗೆ ಬಂದ ನಾವಿಕರೆಂದರೆ ಉಗಿಹಡಗಿನವರು ಮಾತ್ರ ಎಂದುಕೊಳ್ಳಬಾರದು. ಅಮೀನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ, ಈ ಅಮೀನ್‌ದಿವಿ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ದ್ವೀಪದವರು ಓಡಗಳಲ್ಲಿ ತೆಂಗಿನ ನಾರು ತಂದು ಸರ್ಕಾರಿ ಗೋದಾಮಿಗೆ ಕೊಟ್ಟು ಅಕ್ಕಿ ಒಯ್ಯುತ್ತಿದ್ದರು. ಅವರಿಗೆ ಜಿಲ್ಲಾ ಆಸ್ಪತ್ರೆ ಎಂದರೆ ಕಡಲಾಚೆಯ ಮಂಗಳೂರು. ಮಳೆಗಾಲದಲ್ಲಿ ಕಾಯಿಲೆ ಬಿದ್ದರೆ ಆ ದಾರಿಯೂ ಇಲ್ಲ, ದ್ವೀಪದಲ್ಲೇ ಉಳಿಯಬೇಕು.

1974ರಲ್ಲಿ ಪಣಂಬೂರಿನ ನವಮಂಗಳೂರು ಬಂದರು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು. ಈಗ ಹಡಗು ಕಟ್ಟೆಗೇ ತಾಗುತ್ತದೆ, ಅಳಿವೆಯ ಭಯ ಇಲ್ಲ. ಬಂದರು ಆರೋಗ್ಯ ಕಚೇರಿ ಹಡಗಿನ ನೈರ್ಮಲ್ಯ ಪ್ರಮಾಣಪತ್ರ ನೋಡುತ್ತದೆ, ಅದರ ಅವಧಿ ಆರು ತಿಂಗಳು. ನೀರಿನ ತೊಟ್ಟಿಯ ಮುಚ್ಚಳ, ಸೊಳ್ಳೆಮರಿ, ಅಡುಗೆಮನೆ, ಔಷಧಪೆಟ್ಟಿಗೆ ಎಲ್ಲಕ್ಕೂ ಪಟ್ಟಿ ಇದೆ. ಮಲೇರಿಯಾ ಬಹುಕಾಲ ಬೀಡುಬಿಟ್ಟಿದ್ದ ನಮ್ಮ ಊರಿನಲ್ಲಿ ಸೊಳ್ಳೆಮರಿಯ ಸಾಲನ್ನು ಯಾರೂ ಹಾರಿಸಬಾರದು. ಬಾವಿಯಲ್ಲಿ, ತಾರಸಿಯ ತೊಟ್ಟಿಯಲ್ಲಿ ಬೆಳೆಯುವ ಅನಾಫಿಲಿಸ್ ಸ್ಟೀಫೆನ್ಸಿ ಹಡಗಿನ ತೊಟ್ಟಿಯಲ್ಲೂ ಬೆಳೆಯುತ್ತದೆ. 2006ರ ಸಮುದ್ರ ಕಾರ್ಮಿಕ ಒಡಂಬಡಿಕೆಗೆ ಭಾರತ 2015ರಲ್ಲಿ ಒಪ್ಪಿಗೆ ಕೊಟ್ಟಿದೆ. ಕಾಯಿಲೆಯಾದರೆ ಚಿಕಿತ್ಸೆ, ಬಂದರಿನಲ್ಲಿ ದಡಕ್ಕಿಳಿದು ವೈದ್ಯರನ್ನು ಕಾಣುವ ಹಕ್ಕು, ಊಟದ ಗುಣಮಟ್ಟ, ಮಲಗುವ ಜಾಗದ ಅಳತೆ ಎಲ್ಲ ಅದರಲ್ಲಿ ಬರೆದಿದೆ.

ಅದೇ ಒಡಂಬಡಿಕೆಯ ಎರಡನೇ ವಿಧಿಯಲ್ಲಿ ಯಾರಿಗೆ ಇದು ಅನ್ವಯಿಸದು ಎಂಬ ಸಾಲೂ ಇದೆ: ಮೀನುಗಾರಿಕೆಯ ಹಡಗುಗಳಿಗೆ, ಮತ್ತು ಸಾಂಪ್ರದಾಯಿಕವಾಗಿ ಕಟ್ಟಿದ ಹಡಗುಗಳಿಗೆ. ಲಕ್ಷದ್ವೀಪಕ್ಕೆ ಅಕ್ಕಿ, ತರಕಾರಿ, ಸಿಮೆಂಟು, ಜಲ್ಲಿ ಹೊತ್ತ ಮಂಜಿ ಎಂಬ ನಾಡಹಡಗುಗಳು ಇಂದಿಗೂ ಹಳೆ ಬಂದರಿನಿಂದಲೇ ಹೊರಡುತ್ತವೆ, ಅದೇ ಅಳಿವೆ ದಾಟಿ. ಮಳೆಗಾಲದಲ್ಲಿ ಅವುಗಳ ಓಡಾಟ ಈಗಲೂ ನಿಲ್ಲುತ್ತದೆ. ದಕ್ಕೆಯಲ್ಲಿ ಮೂಟೆ ಏರಿಸಿ, ಮಂಜಿಯ ಹಿಂಭಾಗದಲ್ಲಿ ಒಲೆ ಹೊತ್ತಿಸಿ ಕುಚ್ಚಲಕ್ಕಿ ಬೇಯಿಸುವ ಖಲಾಸಿಯ ಚಿಕಿತ್ಸೆಗೂ ಮಲಗುವ ಜಾಗಕ್ಕೂ ಆ ಒಡಂಬಡಿಕೆ ಲೆಕ್ಕಕ್ಕೆ ಬರುವುದಿಲ್ಲ. ಜ್ವರ ಬಂದರೆ ಅವನು ನಡೆದುಕೊಂಡೇ ಹಂಪನಕಟ್ಟೆಯ ವೆನ್ಲಾಕಿಗೆ ಬಂದು, ಊರಿನವರ ಜೊತೆ ಚೀಟಿಯ ಸಾಲಿನಲ್ಲಿ ನಿಲ್ಲಬೇಕು.